ಬೀದಿಗೆ ಇಳಿಯುವ ಮೆಟ್ಟಿಲುಗಳು



ಬೀದಿ ಮಕ್ಕಳ ಮಾತು ಬಂದಾಗ ನಮ್ಮಲ್ಲಿ ಬಹಳ ಜನ ‘ಪಾಪ, ಹಿಂದುಮುಂದಿಲ್ಲದ ಮಕ್ಕಳು’ ಎನ್ನುತ್ತಾರೆ. ಕನಿಕರದಿಂದಲೇ ಆಡುವ ಮಾತು ಅದು. ಆದರೆ ನಿಜವಲ್ಲ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ, ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆಯ ಕೆಳಗೆ, ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ನಮಗೆ ಕಾಣುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ, ಕೆಲವರಿಗೆ ಇಬ್ಬರೂ, ಇದ್ದಾರೆ. ಎಷ್ಟೋ ಮಕ್ಕಳು ಸಂಜೆಯಾದರೆ ಅವರ ಬಳಿಗೇ ಹೋಗಿ ಮಲಗುತ್ತಾರೆ. ಉಳಿದವರು ಹಿಂದೊಮ್ಮೆ ಒಂದು ಮನೆಯಿಂದ ಹೊರಟು ಬಂದವರು.

ಯಾರೂ ಇಲ್ಲದ ಮಗು ಎಂದುಕೊಂಡರೆ ನಮಗೆ ತೋಚುವ ದಾರಿ ಒಂದೇ: ಹಿಡಿದು ತಂದು ಎಲ್ಲಿಯಾದರೂ ಸೇರಿಸುವುದು. ಮನೆಯಿರುವ ಮಗು ಎಂದು ಗೊತ್ತಾದಾಗ ಕೇಳಬೇಕಾದ ಪ್ರಶ್ನೆಯೇ ಬೇರೆಯಾಗುತ್ತದೆ. ಆ ಮನೆಗೆ ತನ್ನ ಮಗುವನ್ನು ಉಳಿಸಿಕೊಳ್ಳಲು ಯಾಕೆ ಆಗಲಿಲ್ಲ? ಯಾವ ದಿನ, ಯಾವ ಹಂತದಲ್ಲಿ ಅದು ಕೈತಪ್ಪಿತು?

ಯಾವ ಮಗುವೂ ಒಂದೇ ದಿನದಲ್ಲಿ ಬೀದಿಪಾಲಾಗುವುದಿಲ್ಲ. ಅದು ಒಂದೊಂದೇ ಮೆಟ್ಟಿಲು ಇಳಿದು ಬರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಅದನ್ನು ತಡೆದು ನಿಲ್ಲಿಸಬಹುದಾದ ಒಬ್ಬರು ಇದ್ದೇ ಇರುತ್ತಾರೆ. ಅವರ ಕೈಗೆ ಕಾನೂನಿನ ಬಲವೂ ಇರುತ್ತದೆ. ಅಲ್ಲೆಲ್ಲ ಸುಮ್ಮನಿದ್ದು, ಮಗು ಕೊನೆಯ ಮೆಟ್ಟಿಲು ಮುಟ್ಟಿದ ಮೇಲೆ ‘ರಕ್ಷಣೆ’ಗೆ ಓಡುವುದು ನಮ್ಮ ಅಭ್ಯಾಸವಾಗಿಬಿಟ್ಟಿದೆ. ಈ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ ಬನ್ನಿ.

ಮೊದಲನೆಯ ಮೆಟ್ಟಿಲು ಊರಿನಲ್ಲಿದೆ. ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳದ ಕಡೆಯ ಯಾವುದಾದರೂ ಒಂದು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೆರಡು ಎಕರೆ ಒಣಭೂಮಿ, ಇಲ್ಲವೇ ಅದೂ ಇಲ್ಲ. ಮಳೆ ಕೈಕೊಟ್ಟಿತು, ಅಥವಾ ಮನೆಯಲ್ಲೊಬ್ಬರಿಗೆ ಕಾಯಿಲೆಯಾಗಿ ಖಾಸಗಿ ಆಸ್ಪತ್ರೆಯ ಬಿಲ್ಲು ಬಂತು, ಅಥವಾ ಮಗಳ ಮದುವೆಗೆ ಸಾಲ ಮಾಡಿದರು. ಮೇಸ್ತ್ರಿಯೊಬ್ಬ ಮುಂಗಡ ಕೊಟ್ಟ. ಮನೆಗೆ ಬೀಗ ಹಾಕಿ ಗುಳೆ ಹೊರಟರು. ರಾತ್ರಿ ಬಸ್ಸೋ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯೋ ಅವರನ್ನು ಬೆಳಗಾಗುವಾಗ ಬೆಂಗಳೂರಿಗೆ ತಂದಿಳಿಸುತ್ತದೆ. ಹಿರಿಯರನ್ನು ಊರಲ್ಲೇ ಬಿಟ್ಟು ಬಂದಿರುತ್ತಾರೆ. ಮಕ್ಕಳನ್ನು ಬಿಡಲಾಗುವುದಿಲ್ಲ, ಕರೆತರುತ್ತಾರೆ.

ಹಾಗೆ ಬರುವ ಮಗು ಊರಿನಲ್ಲಿ ಶಾಲೆಗೆ ಹೋಗುತ್ತಿತ್ತು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಒಂದಷ್ಟು ದಿನ ತಪ್ಪಿಸಿಕೊಂಡರೂ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಬಿಸಿಯೂಟ ಇತ್ತು, ಹೆಸರು ಹಿಡಿದು ಕರೆಯುವ ಮಾಸ್ತರರಿದ್ದರು. ಗುಳೆ ಹೊರಟ ದಿನವೇ ಅದೆಲ್ಲ ಕಡಿದುಹೋಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ನಮ್ಮ ರಾಜ್ಯದಲ್ಲೊಂದು ಒಳ್ಳೆಯ ಬದಲಾವಣೆಯಾಯಿತು. ಮೊದಲು 60 ದಿನ ಗೈರುಹಾಜರಾದ ಮೇಲಷ್ಟೇ ‘ಶಾಲೆ ಬಿಟ್ಟ ಮಗು’ ಎಂದು ಲೆಕ್ಕಕ್ಕೆ ಬರುತ್ತಿದ್ದುದು, ಆಮೇಲೆ 7 ದಿನಕ್ಕೆ ಇಳಿಯಿತು. ಒಂದು ವಾರ ಮಗು ಕಾಣದಿದ್ದರೆ ಶಾಲೆ ಹುಡುಕಬೇಕು. ಆ ಮಗು ಗುಳೆ ಹೋದ ಸುದ್ದಿ ಊರ ಶಾಲೆಯಿಂದ ನಗರದ ಶಾಲೆಗೆ ಆ ವಾರದಲ್ಲೇ ತಲುಪಿದರೆ ಇಲ್ಲಿ ಅದಕ್ಕಾಗಿ ಒಂದು ಬೆಂಚು ಕಾಯುತ್ತಿರುತ್ತದೆ. ತಲುಪದಿದ್ದರೆ ಮಗು ಎರಡನೆಯ ಮೆಟ್ಟಿಲಿಗೆ ಇಳಿಯುತ್ತದೆ.

ಎರಡನೆಯ ಮೆಟ್ಟಿಲು ಲೇಬರ್ ಶೆಡ್ಡು. ಏಳುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ, ಖಾಲಿ ಸೈಟಿನಲ್ಲಿ, ತಗಡಿನ ಸಾಲು ಅಥವಾ ನೀಲಿ ಟಾರ್ಪಾಲಿನ ಗುಡಿಸಲು. ನೀರು ಟ್ಯಾಂಕರಿನದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಮಾತ್ರ ಮುಂಗಡದ ಸಾಲ ಹರಿದೀತು. ಕೂಸನ್ನು ನೋಡಿಕೊಳ್ಳುವವರು ಯಾರು? ಎಂಟೊಂಬತ್ತು ವರ್ಷದ ಅಕ್ಕ. ‘ನಾಳಿಂದ ಸಾಲಿ ಬ್ಯಾಡವ್ವ, ತಮ್ಮನ್ನ ನೋಡ್ಕೊಂಡಿರು’ ಎನ್ನುವ ಅಮ್ಮ ಮಗಳ ವೈರಿಯಲ್ಲ. ಸಿಮೆಂಟು, ಕಬ್ಬಿಣ, ತೆರೆದ ನೀರಿನ ತೊಟ್ಟಿಗಳ ನಡುವೆ ಅಂಬೆಗಾಲಿಡುವ ಕೂಸನ್ನು ಒಂಟಿಯಾಗಿ ಬಿಟ್ಟು ಹೋಗಲು ಅವಳಿಗೆ ಎದೆ ಬರುವುದಿಲ್ಲ, ಅಷ್ಟೇ. ಆ ಹುಡುಗಿಯ ಶಾಲೆ ನಿಂತುಹೋಗುವುದು ಕೂಸಿಗೊಂದು ಜಾಗ ಇಲ್ಲದ್ದಕ್ಕೆ.

ಈ ಮಾತು ಕಾನೂನಿಗೆ ಗೊತ್ತಿಲ್ಲದ್ದಲ್ಲ. 1996ರಲ್ಲೇ ಬಂದ ಕಟ್ಟಡ ಕಾರ್ಮಿಕರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸು ಇರಬೇಕೆಂದು ಹೇಳಿತು. ಕಟ್ಟಡ ಕಟ್ಟುವವರಿಂದ ಸೆಸ್ಸು ವಸೂಲು ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡುವ ಏರ್ಪಾಡೂ ಆ ಕಾಲದಿಂದಲೇ ಇದೆ. ಶಿಶುಪಾಲನೆಯ ಕೋಣೆ ತೆರೆದಿರುವ ಕಾಮಗಾರಿಯಲ್ಲಿ ಇಬ್ಬರು ಮಕ್ಕಳು ಉಳಿಯುತ್ತಾರೆ. ಕೂಸಿಗೆ ಹಾಲು, ನಿದ್ದೆ ಸಿಗುತ್ತದೆ, ಅಕ್ಕನಿಗೆ ಶಾಲೆ ಸಿಗುತ್ತದೆ. ಕೋಣೆ ಇಲ್ಲದ ಕಡೆ ಇಬ್ಬರೂ ಕೈತಪ್ಪುತ್ತಾರೆ.

ಮೂರನೆಯ ಮೆಟ್ಟಿಲು ಶಾಲೆಯ ಬಾಗಿಲಲ್ಲೇ ಇದೆ. ಅಪ್ಪ ಹೇಗೋ ಒಂದು ದಿನದ ಕೂಲಿ ಬಿಟ್ಟು ಮಗನನ್ನು ಹತ್ತಿರದ ಶಾಲೆಗೆ ಕರೆದೊಯ್ಯುತ್ತಾನೆ. ‘ಟಿಸಿ ತಗೊಂಡು ಬಾಪ್ಪಾ, ಆಧಾರ್ ತಗೊಂಡು ಬಾ’ ಎಂದರೆ ಅವನು ಮತ್ತೆ ಬರುವುದಿಲ್ಲ. ಟಿಸಿ ತರಲು ಊರಿಗೆ ಹೋಗಿ ಬರುವುದೆಂದರೆ ಎರಡು ದಿನದ ಕೂಲಿ, ಬಸ್ಸಿನ ಖರ್ಚು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಟಿಸಿ ತಡವಾಯಿತೆಂದು ಹಿಂದೆ ಕಳಿಸುವಂತಿಲ್ಲ. ವರ್ಷದ ನಡುವೆ ಬಂದನೆಂದೂ ನಿರಾಕರಿಸುವಂತಿಲ್ಲ. ಹತ್ತು ವರ್ಷದ ಹುಡುಗನಿಗೆ ಅಕ್ಷರ ಬರದಿದ್ದರೆ ಅವನನ್ನು ಒಂದನೆಯ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂರಿಸಿ ನಾಚಿಸುವುದಲ್ಲ; ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಈ ಕಾರ್ಯಕ್ರಮವನ್ನು ಕೇಳುತ್ತಿರುವ ಶಿಕ್ಷಕ ಮಿತ್ರರಲ್ಲಿ ನನ್ನ ಪ್ರಾರ್ಥನೆ: ಅಂಥ ಅಪ್ಪ ಬಾಗಿಲಿಗೆ ಬಂದ ದಿನ ಕಾಗದಪತ್ರ ಆಮೇಲಿರಲಿ, ಹುಡುಗನನ್ನು ಆವತ್ತೇ ಒಳಗೆ ಕೂರಿಸಿಬಿಡಿ. ಇಲ್ಲವಾದರೆ ಅವನು ಮತ್ತೆ ನಿಮ್ಮ ಬಾಗಿಲಿಗೆ ಬರುವುದು ಗೋಣಿಚೀಲ ಹೊತ್ತುಕೊಂಡೇ ಇರಬಹುದು.

ಗೋಣಿಚೀಲವೇ ನಾಲ್ಕನೆಯ ಮೆಟ್ಟಿಲು. ಶಾಲೆಯಿಲ್ಲದ ಹುಡುಗ ಸುಮ್ಮನೆ ಕೂರುವುದಿಲ್ಲ. ಶೆಡ್ಡಿನ ಪಕ್ಕದ ಹುಡುಗರ ಜೊತೆ ಬೆಳಗಿನ ಜಾವ ಚಿಂದಿ ಆಯಲು ಹೋಗುತ್ತಾನೆ. ಪೌರಕಾರ್ಮಿಕರ ಗಾಡಿ ಬರುವ ಮೊದಲು ಹೋದರೆ ಹೆಚ್ಚು ಸಿಗುತ್ತದೆ, ಅದಕ್ಕೇ ಆ ಹೊತ್ತು. ಪ್ಲಾಸ್ಟಿಕ್ಕು, ರಟ್ಟು, ಕಬ್ಬಿಣ, ಬಾಟಲಿ ಬೇರೆ ಬೇರೆ ಮಾಡಿ ಗುಜರಿ ಅಂಗಡಿಗೆ ಹಾಕುತ್ತಾನೆ. ಅಂಗಡಿಯವನು ತೂಕದಲ್ಲಿ ಹೊಡೆಯಬಹುದು, ಆದರೆ ಕೈಗೆ ನಗದು ಕೊಡುತ್ತಾನೆ. ಕೈ ಕೊಯ್ದುಕೊಳ್ಳುತ್ತದೆ, ನಾಯಿ ಕಚ್ಚುತ್ತದೆ, ಆಸ್ಪತ್ರೆಯ ಸೂಜಿ ಚುಚ್ಚುತ್ತದೆ. ಬೇರೆ ಕೆಲವರು ಸಿಗ್ನಲ್ಲಿನಲ್ಲಿ ಪೆನ್ನು, ಹೂವು, ಕಾರು ಒರೆಸುವ ಬಟ್ಟೆ ಮಾರುತ್ತಾರೆ. ಕೆಲವರು ಹೋಟೆಲಿನಲ್ಲಿ, ಗ್ಯಾರೇಜಿನಲ್ಲಿ ಸೇರಿಕೊಳ್ಳುತ್ತಾರೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಇಂಥ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಇಡುವಂತಿಲ್ಲ. ಆದರೂ ಇಡುತ್ತಾರೆ, ಯಾಕೆಂದರೆ ಹುಡುಗ ಕೊಟ್ಟಷ್ಟು ತೆಗೆದುಕೊಳ್ಳುತ್ತಾನೆ, ಮಾತಾಡುವುದಿಲ್ಲ.

ಈ ಮೆಟ್ಟಿಲಿನಲ್ಲಿ ಬಹಳ ಜನ ಗಮನಿಸದ ಒಂದು ಬಾಗಿಲಿದೆ. ಅದು ಅಪ್ಪ ಅಮ್ಮನ ದುಡಿಮೆಯ ಮರ್ಯಾದೆ. ಬೆಂಗಳೂರಿನಲ್ಲಿ ಚಿಂದಿ ಆಯುವ ಹೆಂಗಸರನ್ನು ಹಿಂದೆ ಕಳ್ಳರೆಂದು ಓಡಿಸುತ್ತಿದ್ದರು. ಹಸಿರು ದಳದಂಥ ಸಂಘಟನೆಗಳು ಅವರ ಜೊತೆ ನಿಂತವು, ಮಹಾನಗರ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು, ಎಷ್ಟೋ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಹೊಣೆ ಅವರಿಗೇ ಬಂತು. ಅಮ್ಮನಿಗೆ ನಿಂತ ಜಾಗದಲ್ಲಿ, ಹೆದರಿಕೆಯಿಲ್ಲದ ದುಡಿಮೆ ಸಿಕ್ಕಿದಾಗ ಮಗ ಗೋಣಿಚೀಲ ಹೊರುವ ಅಗತ್ಯ ಕಡಿಮೆಯಾಗುತ್ತದೆ. ಮಕ್ಕಳ ರಕ್ಷಣೆ ಎಂದರೆ ಮಕ್ಕಳ ಇಲಾಖೆಯ ಕೆಲಸವಷ್ಟೇ ಎಂದು ತಿಳಿಯುವುದು ಸರಿಯಲ್ಲ. ದೊಡ್ಡವರ ಕೂಲಿ, ದೊಡ್ಡವರ ಪಡಿತರ ಚೀಟಿ, ದೊಡ್ಡವರ ಸೂರು ಇವೆಲ್ಲ ಮಕ್ಕಳ ರಕ್ಷಣೆಯೇ.

ಸೂರಿನ ಮಾತು ಬಂತು. 2011ರ ಜನಗಣತಿಯ ಪ್ರಕಾರ ದೇಶದ ಕೊಳೆಗೇರಿಗಳಲ್ಲಿ ಸುಮಾರು ಆರೂವರೆ ಕೋಟಿ ಜನ ಇದ್ದರು. ತಲೆಯ ಮೇಲೆ ಸೂರೇ ಇಲ್ಲದವರು 17.7 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಗರಗಳಲ್ಲಿ. ಇವರು ನಗರದ ನಡುವೆಯೇ ಯಾಕಿರಬೇಕು, ಹೊರಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಬೊಂಬಾಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪರವಾಗಿ ನಡೆದ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಬಡವರು ಅಲ್ಲಿರುವುದು ಅವರ ಕೆಲಸ ಅಲ್ಲಿರುವುದರಿಂದ, ಮತ್ತು ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು ಆ ತೀರ್ಪು ಹೇಳಿತು. ಶೆಡ್ಡುಗಳನ್ನು ಪರೀಕ್ಷೆಯ ತಿಂಗಳಲ್ಲಿ ಕೆಡವಿದರೆ, ಕುಟುಂಬಗಳನ್ನು ಕೆಲಸದಿಂದ, ಶಾಲೆಯಿಂದ ದೂರದ ಬಡಾವಣೆಗೆ ಸಾಗಿಸಿದರೆ ಎಷ್ಟೋ ಮಕ್ಕಳನ್ನು ನಾವೇ ಒಂದೊಂದು ಮೆಟ್ಟಿಲು ಕೆಳಗೆ ತಳ್ಳಿದಂತಾಗುತ್ತದೆ.

ಇನ್ನು ಐದನೆಯ ಮೆಟ್ಟಿಲು, ಕೊನೆಯದು. ಸಾಲ, ಕುಡಿತ, ಹೊಡೆತ. ಅಪ್ಪ ಇನ್ನೊಂದು ಮದುವೆಯಾದ, ಅಥವಾ ಅಮ್ಮ ತೀರಿಕೊಂಡಳು. ದುಡಿದ ಹಣ ಮನೆಗೆ ತಂದುಕೊಡಲಿಲ್ಲವೆಂದು ಹೊಡೆದರು. ಹುಡುಗ ಒಂದು ರಾತ್ರಿ ಮನೆಗೆ ಹೋಗಲಿಲ್ಲ. ಎರಡನೆಯ ರಾತ್ರಿ ಹೋಗಲು ಹೆದರಿದ. ಮೂರನೆಯ ರಾತ್ರಿ ರೈಲು ನಿಲ್ದಾಣದಲ್ಲಿ ಅವನಿಗೊಂದು ಗುಂಪು ಸಿಕ್ಕಿತ್ತು. ಗುಂಪು ಊಟ ಹಂಚುತ್ತದೆ, ಕಾವಲು ಕಾಯುತ್ತದೆ, ಹಾಗೆಯೇ ಬಲಿಷ್ಠರು ಎಳೆಯರನ್ನು ದೋಚುವುದೂ ಅದೇ ಗುಂಪಿನೊಳಗೆ. ಇವರು ದುಡಿದದ್ದನ್ನೆಲ್ಲ ಅಂದಂದೇ ಖರ್ಚು ಮಾಡುತ್ತಾರೆಂದು ಬೈಯುವವರುಂಟು. ರಾತ್ರಿ ಜೇಬಿನಲ್ಲಿ ಉಳಿದ ಹಣವನ್ನು ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಾರೆಂದು ಗೊತ್ತಿರುವ ಮಗು ಇನ್ನೇನು ಮಾಡೀತು? ಹೊಟ್ಟೆಗೆ ಹಾಕಿಕೊಂಡದ್ದನ್ನು ಯಾರೂ ಕಿತ್ತುಕೊಳ್ಳಲಾರರು.

ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಹಾಕಿ ಎಳೆಯುವ ಚಟವೂ ಇಲ್ಲೇ ಹತ್ತುವುದು. ಅದನ್ನು ಎಳೆದರೆ ಹಸಿವು ಗೊತ್ತಾಗುವುದಿಲ್ಲ, ಚಳಿ ಗೊತ್ತಾಗುವುದಿಲ್ಲ, ಕತ್ತಲಲ್ಲಿ ಹೆದರಿಕೆ ಗೊತ್ತಾಗುವುದಿಲ್ಲ. ಆದರೆ ಅದು ಮೆದುಳನ್ನೂ ಹೃದಯವನ್ನೂ ಹಾಳುಮಾಡುತ್ತದೆ. ಮಗುವಿಗೆ ಅಮಲು ಪದಾರ್ಥ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಇದೆ. ಮಕ್ಕಳನ್ನು ಭಿಕ್ಷೆಗೆ ಹಚ್ಚುವವರಿಗೆ ಐದು ವರ್ಷದವರೆಗೆ ಸಜೆ. ನಿಲ್ದಾಣಗಳಲ್ಲಿ ಹೆಣ್ಣುಮಕ್ಕಳು ಕಡಿಮೆ ಕಾಣುತ್ತಾರೆಂದು ಸಮಾಧಾನಪಡಬೇಡಿ. ಒಂಟಿಯಾಗಿ ಬಂದಿಳಿದ ಹುಡುಗಿಯನ್ನು ‘ಬಾ ಮಗಳೇ, ಮನೆಗೆಲಸ ಕೊಡಿಸ್ತೀನಿ’ ಎಂದು ಕರೆದೊಯ್ಯುವವರು ಬಹಳ ಬೇಗ ಬರುತ್ತಾರೆ. ಅವಳು ಕಾಣದಿರುವುದಕ್ಕೆ ಅದೂ ಒಂದು ಕಾರಣ.

ಕೊನೆಯ ಮೆಟ್ಟಿಲಿನಲ್ಲೂ ಮಗು ಕೈಗೆ ಸಿಗುತ್ತದೆ, ಆದರೆ ಅಲ್ಲಿ ಗಳಿಗೆ ಗಳಿಗೆಯೂ ಮುಖ್ಯ. ಮನೆಬಿಟ್ಟು ಬಂದ ಮೊದಲ ದಿನ ಮಗು ಅಳುತ್ತಿರುತ್ತದೆ, ಕೇಳಿದರೆ ಊರ ಹೆಸರು ಹೇಳುತ್ತದೆ. ತಿಂಗಳಾದ ಮೇಲೆ ಬೇರೆ ಹೆಸರು, ಬೇರೆ ಊರು ಹೇಳುವುದನ್ನು ಕಲಿತಿರುತ್ತದೆ. ಅದಕ್ಕೇ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಹತ್ತು, ಒಂಬತ್ತು, ಎಂಟು. 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲ್ಲಿಮೋರಿಯಾ ಅವರು ಶುರುಮಾಡಿದ ಈ ಸೇವೆಯನ್ನು ಈಗ ಸರ್ಕಾರವೇ ನಡೆಸುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಹತ್ತುವುದಿಲ್ಲ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ಕಾನೂನು. ಮಗು ಕಾಣೆಯಾಗಿದೆಯೆಂದು ತಂದೆತಾಯಿ ದೂರು ಕೊಟ್ಟರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ‘ಎರಡು ದಿನ ನೋಡಿ, ಬರ್ತಾನೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಸಿಕ್ಕ ಮಗುವನ್ನು ಬಾಲಮಂದಿರಕ್ಕೆ ಸೇರಿಸಿದರೆ ಕೆಲಸ ಮುಗಿಯಿತೇ? ಇಲ್ಲ. ಎಷ್ಟೋ ಮಕ್ಕಳು ಅಲ್ಲಿಂದ ಓಡಿಹೋಗುತ್ತಾರೆ. ಬೀದಿಯಲ್ಲಿ ತನ್ನ ಬುದ್ಧಿಯಿಂದ ಬದುಕಿದ ಹುಡುಗನಿಗೆ ಬೀಗ ಹಾಕಿದ ಬಾಗಿಲು ಹಿಡಿಸುವುದಿಲ್ಲ. 1980ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಬಾಸ್ಕೊ ಸಂಸ್ಥೆ ಹಿಡಿದ ದಾರಿ ಬೇರೆ. ಮಕ್ಕಳಿರುವಲ್ಲಿಗೇ ಹೋಗುವುದು, ಅವರ ಜೊತೆ ನೆಲದ ಮೇಲೆ ಕೂರುವುದು, ಸ್ನೇಹ ಬೆಳೆದ ಮೇಲೆ ಬಾ ಎನ್ನುವುದು. ಬಾಲನ್ಯಾಯ ಕಾಯ್ದೆಯಲ್ಲೂ ತೆರೆದ ಆಶ್ರಯ ತಾಣಗಳಿಗೆ ಜಾಗವಿದೆ; ಬಂದು ಸ್ನಾನ ಮಾಡಿ, ಉಂಡು, ಮಲಗಿ, ಮಾತಾಡಿ, ನಿಧಾನವಾಗಿ ಮನಸ್ಸು ಬದಲಾಯಿಸಿಕೊಳ್ಳಬಹುದಾದ ಜಾಗಗಳವು. ಮಕ್ಕಳ ಮಾತಿಗೆ ಬೆಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಕಟ್ಟಿಕೊಂಡ ಭೀಮ ಸಂಘ ತಮ್ಮ ವಿಷಯದ ತೀರ್ಮಾನಗಳಲ್ಲಿ ತಮ್ಮನ್ನೂ ಕೇಳಿ ಎಂದಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಬೀದಿಯ ಮಕ್ಕಳ ಬಗ್ಗೆ ಅದೇ ಮಾತನ್ನು ವಿವರವಾಗಿ ಹೇಳಿದ್ದು 2017ರಲ್ಲಿ.

ಮನೆಗೆ ಕಳಿಸುವಾಗಲೂ ಅಷ್ಟೇ. ಮಗು ಯಾವ ಕಾರಣಕ್ಕೆ ಮನೆಬಿಟ್ಟಿತೋ ಆ ಕಾರಣ ಅಲ್ಲೇ ಕೂತಿದ್ದರೆ ಅದು ಮತ್ತೆ ಹೊರಡುತ್ತದೆ. ಹೊಡೆತವಿದ್ದ ಮನೆಗೆ ಹೋಗಿ ಅಪ್ಪನ ಜೊತೆ ಮಾತಾಡುವವರು ಬೇಕು, ಕೆಲವು ಸಾರಿ ಮನೆಗೆ ಕಳಿಸದೇ ಇರುವುದೇ ನ್ಯಾಯ. ಬರೀ ಬಡತನವಿದ್ದ ಮನೆಗೆ ನೆರವು ಬೇಕು. ಆ ನೆರವೂ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗು ತನ್ನ ಕುಟುಂಬದಲ್ಲೇ ಉಳಿದು ಓದಲು ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ತಾಯಿ ವಿಧವೆ ಅಥವಾ ಗಂಡ ಬಿಟ್ಟವಳಾಗಿದ್ದರೆ, ತಂದೆತಾಯಿ ದೊಡ್ಡ ಕಾಯಿಲೆಯಲ್ಲಿದ್ದರೆ, ಮಗು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಅನಾಥವಾದರೆ, ಭಿಕ್ಷೆ ಅಥವಾ ದುಡಿಮೆಯಿಂದ ಬಿಡಿಸಿದ ಮಗುವಾದರೆ ಅರ್ಜಿ ಹಾಕಬಹುದು. ನಗರದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 96,000, ಹಳ್ಳಿಯಲ್ಲಿ 72,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಗಂಡನನ್ನು ಕಳೆದುಕೊಂಡವಳಾಗಿದ್ದು, ಮಗನ ಶಾಲೆ ಬಿಡಿಸುವ ಮಾತಾಡಿದರೆ ಈ ಒಂದು ವಿಷಯ ಅವಳಿಗೆ ತಿಳಿಸಿ. ಅರ್ಜಿ ಬರೆದುಕೊಡಿ, ಸಾಧ್ಯವಾದರೆ ಜೊತೆಗೆ ಹೋಗಿ.

ಎಲ್ಲವೂ ಸರ್ಕಾರದ ಹೊಣೆ ಎನ್ನಲಾರೆ, ಆದರೆ ಸರ್ಕಾರದ ಹೊಣೆಯನ್ನು ಕಡಿಮೆ ಮಾಡಿ ಹೇಳುವುದೂ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಬೀದಿಯಲ್ಲಿರುವ ಮಕ್ಕಳನ್ನು ಗುರುತಿಸಿ ಪುನರ್ವಸತಿ ಮಾಡಿ ಎಂದು ನಿರ್ದೇಶನ ಕೊಟ್ಟಿತು. ಗುರುತಿಸುವವರು ಬೇಕು, ಮನೆಗಳಿಗೆ ಹೋಗಿ ಬರುವ ಕಾರ್ಯಕರ್ತರು ಬೇಕು, ಅವರಿಗೆ ಸಂಬಳ ಸರಿಯಾಗಿ ಸಿಗಬೇಕು. ಇದನ್ನು ನಮ್ಮ ವಾರ್ಡಿನವರು, ಶಾಸಕರು ಕೇಳಿಸಿಕೊಳ್ಳುವಂತೆ ನಾವು ಕೇಳಬೇಕು.

ನಿಮ್ಮ ಸುತ್ತ ಯಾವ ಮೆಟ್ಟಿಲಿದೆಯೋ ನೋಡಿ. ನೀವು ಅಪಾರ್ಟ್‌ಮೆಂಟಿನ ಸಂಘದಲ್ಲಿದ್ದರೆ ಪಕ್ಕದ ಕಾಮಗಾರಿಯಲ್ಲಿ ಕೂಸುಗಳಿಗೊಂದು ಕೋಣೆ ಇದೆಯೇ ಎಂದು ಬಿಲ್ಡರನ್ನು ಕೇಳಿ. ಶಾಲಾಭಿವೃದ್ಧಿ ಸಮಿತಿಯಲ್ಲಿದ್ದರೆ ಹತ್ತಿರದ ಶೆಡ್ಡುಗಳಿಗೆ ಶಿಕ್ಷಕರ ಜೊತೆ ಒಮ್ಮೆ ಹೋಗಿ ಬನ್ನಿ. ಆಟೋ, ಬಸ್ಸು ಓಡಿಸುವವರು, ನಿಲ್ದಾಣದಲ್ಲಿ ಚಹಾ ಮಾರುವವರು ಒಂಟಿ ಮಗುವನ್ನು ಎಲ್ಲರಿಗಿಂತ ಮೊದಲು ನೋಡುತ್ತೀರಿ. 1098 ನಿಮ್ಮ ಫೋನಿನಲ್ಲಿರಲಿ. ಸಿಗ್ನಲ್ಲಿನಲ್ಲಿ ಕೈಚಾಚಿದ ಮಗುವಿಗೆ ಕೊಡುವ ನಾಣ್ಯ ಅದನ್ನು ನಾಳೆಯೂ ಅದೇ ಸಿಗ್ನಲ್ಲಿಗೆ ಕರೆತರುತ್ತದೆ. ಅದರ ಬದಲು ಹೆಸರು ಕೇಳಿ, ಎಲ್ಲಿರ್ತೀಯಪ್ಪಾ ಎಂದು ವಿಚಾರಿಸಿ, ಆ ಜಾಗವನ್ನು ಸಹಾಯವಾಣಿಗೆ ತಿಳಿಸಿ.

ಮೊದಲ ಮೆಟ್ಟಿಲಿನಲ್ಲಿ ಮಗುವನ್ನು ತಡೆಯಲು ಒಂದು ಫೋನ್ ಕರೆ, ಒಂದು ಬೆಂಚು ಸಾಕು. ಎರಡನೆಯದರಲ್ಲಿ ಒಂದು ಕೋಣೆ ಬೇಕು. ಕೊನೆಯದರಲ್ಲಿ ವರ್ಷಗಟ್ಟಲೆ ಚಿಕಿತ್ಸೆ, ಪುನರ್ವಸತಿ ಬೇಕು, ಆಗಲೂ ಎಲ್ಲರೂ ಉಳಿಯುವುದಿಲ್ಲ. ಯಾವ ಮೆಟ್ಟಿಲಿನಲ್ಲಿ ಕೈ ಚಾಚಬೇಕೆಂಬುದು ನಮ್ಮ ಆಯ್ಕೆಗೆ ಬಿಟ್ಟದ್ದು. ಆದಷ್ಟು ಮೇಲಿನ ಮೆಟ್ಟಿಲಿನಲ್ಲೇ ಚಾಚೋಣ, ಈ ವಾರವೇ.